ಹಗ್ಗದವನ ಮನೆಯ ಹೊಸ್ತಿಲು

ಆ ಊರಿಗೆ ಹೆಸರಿತ್ತೋ ಇಲ್ಲವೋ ಗೊತ್ತಿಲ್ಲ. ಅಲ್ಲಿಂದ ಹೊರಗೆ ಹೋದವರು ಕಡಿಮೆ, ಒಳಗೆ ಬಂದವರು ಇನ್ನೂ ಕಡಿಮೆ. ಹೆಸರು ಹಿಡಿದು ಕರೆಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಊರಿನಲ್ಲಿ ಮನೆಗಳಿದ್ದವು. ಮನೆಗೆ ಬಾಗಿಲಿತ್ತು, ಒಲೆಯಿತ್ತು, ದೀಪವಿತ್ತು. ಆದರೆ ಬಾಗಿಲು ಕೈಗೆ ಬಗ್ಗುತ್ತಿರಲಿಲ್ಲ. ಒಲೆ ಬೆಂಕಿಕಡ್ಡಿಗೆ ಹೆದರುತ್ತಿರಲಿಲ್ಲ. ಎಲ್ಲವೂ ಹೊಸ್ತಿಲಿನ ಮಾತು ಕೇಳುತ್ತಿದ್ದವು. ಹೊಸ್ತಿಲು ಹೂಂ ಅಂದರೆ ಬಾಗಿಲು ತೆರೆಯುವುದು, ಒಲೆ ಹತ್ತುವುದು, ದೀಪ ಉರಿಯುವುದು. ಹೊಸ್ತಿಲು ಸುಮ್ಮನಾದರೆ ಎಲ್ಲವೂ ಸುಮ್ಮನೆ. ಹೊಸ್ತಿಲಿಲ್ಲದ ಮನೆ ಮನೆಯೇ ಅಲ್ಲ. ನಾಲ್ಕು ಗೋಡೆ, ಮೇಲೊಂದು ಮಾಡು, ಅಷ್ಟೆ.

ಬೇರೆ ಊರುಗಳಲ್ಲಿ ಹೊಸ್ತಿಲು ತುಳಿಯಬಾರದು ಅನ್ನುತ್ತಾರಂತೆ. ಇಲ್ಲಿ ತುಳಿಯದೆ ದಾಟುವಂತಿರಲಿಲ್ಲ. ತುಳಿದ ಕಾಲು ಯಾರದೆಂದು ಹೊಸ್ತಿಲಿಗೆ ತಿಳಿಯಬೇಕು.

ಅದಕ್ಕೊಂದು ಪದ್ಧತಿಯೂ ಇತ್ತು. ಹೊತ್ತು ಮುಳುಗುವಾಗ ಮನೆಯವರೊಬ್ಬರು ಹೊಸ್ತಿಲು ಒರೆಸಬೇಕು. ಒಂದು ತೊಟ್ಟು ಎಣ್ಣೆ ಬಿಡಬೇಕು. ಬಗ್ಗಿ ಒಂದು ಮಾತು ಹೇಳಬೇಕು. ಯಾವ ಮಾತಾದರೂ ಆದೀತು. ಬೆಳಿಗ್ಗೆ ಮೊದಲ ಕಾಲು ಬಿದ್ದಾಗ ಹೊಸ್ತಿಲು ಆ ಮಾತನ್ನು ತಿರುಗಿ ಹೇಳುತ್ತಿತ್ತು, ಹೇಳಿದವರ ದನಿಯಲ್ಲೇ. ಆಮೇಲೆ ಬಾಗಿಲು ತೆರೆಯುತ್ತಿತ್ತು. ಹೊಸ ಮಾತು ಬಿದ್ದರೆ ಹಳೆಯದು ಹೋಯಿತು. ಒಂದು ಹೊಸ್ತಿಲಿಗೆ ಒಂದೇ ಮಾತು.

ಹೊಸ್ತಿಲುಗಳಲ್ಲಿ ಕಬ್ಬಿಣದ್ದೇ ಹೆಚ್ಚು. ಮನೆ ಕಟ್ಟಿದ ಕೂಡಲೇ ಕಬ್ಬಿಣದ ಅಂಗಡಿಯವರು ಬಂದು ಕೂರಿಸಿ ಹೋಗುತ್ತಿದ್ದರು. ಅದಕ್ಕೆ ಬಿಡುವ ಎಣ್ಣೆಯೂ ಅವರ ಅಂಗಡಿಯದೇ. ಬೇಕೋ ಬೇಡವೋ ಎಂದು ಅವರು ಕೇಳುತ್ತಿರಲಿಲ್ಲ. ಬೇಡ ಅನ್ನಬಹುದು ಎಂದು ಮನೆಯವರಿಗೂ ಹೊಳೆಯುತ್ತಿರಲಿಲ್ಲ. ದಿಬ್ಬದ ಮೇಲೆ ಗಾಜಿನ ಅಂಗಡಿಯಿತ್ತು. ಅನುಕೂಲವಿದ್ದವರು ಅಲ್ಲಿಗೆ ಹತ್ತುತ್ತಿದ್ದರು. ಹೊಳೆಯ ದಂಡೆಯಲ್ಲಿ ಮಣ್ಣಿತ್ತು. ಅದಕ್ಕೆ ಅಂಗಡಿಯಿಲ್ಲ, ಬೆಲೆಯಿಲ್ಲ. ಬೇಕಾದವರು ಹೊತ್ತುಕೊಂಡು ಹೋಗಿ ತಾವೇ ಮೆತ್ತಿಕೊಳ್ಳುತ್ತಿದ್ದರು.

ನಡಿಗೆ ನೋಡಿದರೆ ಯಾರ ಮನೆಯದು ಯಾವ ಹೊಸ್ತಿಲೆಂದು ಹೇಳಬಹುದಿತ್ತು. ಗಾಜಿನವರು ಮೆಲ್ಲಗೆ ನಡೆಯುತ್ತಿದ್ದರು. ಕಬ್ಬಿಣದವರು ಕಾಲು ಅಪ್ಪಳಿಸುತ್ತಿದ್ದರು. ಮಣ್ಣಿನವರ ಪಾದ ಯಾವಾಗಲೂ ಒದ್ದೆ. ಬಾವಿಕಟ್ಟೆಯಲ್ಲಿ ಕೊಡ ತುಂಬುವಷ್ಟು ಹೊತ್ತೂ ಅದೇ ಜಗಳ.

"ನಿಮ್ಮದು ಚಂದ. ಒಂದು ಗೋಲಿ ಬಿದ್ರೆ ಚೂರು."

"ನಿಮ್ಮದು ಗಟ್ಟಿ. ತುಕ್ಕಿನ ವಾಸನೆ ಅನ್ನಕ್ಕೂ ಬರ್ತದೆ."

"ಅವರದು ಬಿಡಿ, ಪುಕ್ಕಟೆ. ಮಳೆ ಬಂದ್ರೆ ಹೊಸ್ತಿಲನ್ನ ಚೆಂಬಲ್ಲಿ ಎತ್ತಿಟ್ಕೋತಾರೆ!"

ಹೆಣ್ಣು ಕೇಳಲು ಬಂದವರು ಜಾತಕ ಕೇಳುವ ಮೊದಲು ಹೊಸ್ತಿಲು ನೋಡುತ್ತಿದ್ದರು.

ಹೊಸ್ತಿಲಿಗೆ ಬೆಲೆಯೆಂದರೆ ದುಡ್ಡಲ್ಲ. ಬೀಗದ ಕೈ. ಪ್ರತಿ ಸುಗ್ಗಿ ಮುಗಿದ ಮೇಲೆ ಕಬ್ಬಿಣದ ಅಂಗಡಿಗೆ ಮನೆಯ ಒಂದು ಬೀಗದ ಕೈ ಕೊಡಬೇಕು. ಆ ಕೋಣೆ ನಿಮ್ಮದೇ. ಅದರ ಗೋಡೆಗೆ ಸುಣ್ಣ ನೀವೇ ಬಳಿಯಬೇಕು, ಅದರ ಮುಂದೆ ಕಸ ನೀವೇ ಗುಡಿಸಬೇಕು. ತೆರೆಯುವ ಹಾಗಿಲ್ಲ, ಅಷ್ಟೆ.

ಆ ಊರಿನಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ಹಗ್ಗದವ ಅನ್ನುತ್ತಿದ್ದರು. ಅವನ ಮನೆಯದು ಕಬ್ಬಿಣದ ಹೊಸ್ತಿಲು. ಅವನಪ್ಪನ ಕಾಲದ್ದು. ಆಗ ಬೀಗದ ಕೈ ಕೇಳುವ ಪದ್ಧತಿ ಇರಲಿಲ್ಲ.

ಮೊದಲ ಬೀಗದ ಕೈ ಕೊಟ್ಟವಳು ಅವನ ಹೆಂಡತಿ. ಅಟ್ಟದ್ದು. "ಅಟ್ಟದಲ್ಲಿ ಇಲಿ ಬಿಟ್ರೆ ಏನಿದೆ? ಇನ್ಮೇಲೆ ಇಲಿಗೂ ಕಬ್ಬಿಣದವರೇ ಅನ್ನ ಹಾಕ್ಲಿ" ಎಂದು ನಕ್ಕಿದ್ದಳು. ಅಂಗಡಿಯವನೂ ನಕ್ಕಿದ್ದ. ಆಮೇಲಿನ ಸುಗ್ಗಿಗೆ ದವಸದ ಕೋಣೆ ಹೋಯಿತು. ಅದಾದ ಮೇಲೆ ಅವಳ ಟ್ರಂಕು, ಸೀರೆ, ತೊಟ್ಟಿಲು ಇದ್ದ ಕೋಣೆ. ತೊಟ್ಟಿಲು ಖಾಲಿಯಾಗಿಯೇ ಉಳಿದಿತ್ತು. ಆ ಸಲ ಅವಳು ನಗಲಿಲ್ಲ. ಟ್ರಂಕಿನಿಂದ ಉಡಲು ಎರಡು ಸೀರೆ ತೆಗೆದುಕೊಂಡು ಬಾಗಿಲು ಎಳೆದುಕೊಂಡಳು. "ಇನ್ನು ನಡುಮನೆ, ಅಡುಗೆಮನೆ. ಇಬ್ಬರಿಗೆ ಸಾಕು ಬಿಡಿ" ಅಂದಳು.

ಒಂದು ಸಂಜೆ ಅವಳಿಗೆ ಮೈ ಕಾದಿತ್ತು. ಆದರೂ ಎದ್ದು ಹೊಸ್ತಿಲು ಒರೆಸಿದಳು. ಒಲೆಯ ಮೇಲೆ ಹಾಲಿತ್ತು. ಹಗ್ಗದವ ಬಾಗಿಲಾಚೆ ನಾರು ಹೊಸೆಯುತ್ತಿದ್ದ. ಅವಳು ಎಣ್ಣೆ ಬಿಟ್ಟಳು, ಬಗ್ಗಿದಳು. ಬಗ್ಗಿದಾಗ ಹಾಲಿನ ನೆನಪಾಯಿತು. ಅಲ್ಲಿಂದಲೇ ಅವನಿಗೆ ಕೂಗಿದಳು.

"ಹಾಲು ಉಕ್ಕೀತು, ನೋಡ್ಕೊಳ್ಳಿ."

ಹೊಸ್ತಿಲು ಅದನ್ನೇ ನುಂಗಿತು. "ಅಯ್ಯೋ, ಏನೋ ಒಳ್ಳೇ ಮಾತು ಹೇಳೋಣ ಅಂತಿದ್ದೆ" ಅಂದಳು. ಅವನು ಎದ್ದು ಹೋಗುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಇಬ್ಬರೂ ನಕ್ಕರು. ಅವಳು ಮಲಗಿದಳು.

ಬೆಳಿಗ್ಗೆ ಅವಳು ಏಳಲಿಲ್ಲ. ಅವನು ಮೈ ಅಲುಗಿಸಿದ. ಮೂಗಿನ ಹತ್ತಿರ ಕೈಯಿಟ್ಟ. ಜನರನ್ನು ಕರೆಯಲು ಬಾಗಿಲಿಗೆ ಓಡಿದ. ಕಾಲು ಹೊಸ್ತಿಲ ಮೇಲೆ ಬಿತ್ತು.

"ಹಾಲು ಉಕ್ಕೀತು, ನೋಡ್ಕೊಳ್ಳಿ" ಅಂದಿತು ಹೊಸ್ತಿಲು. ಅವಳದೇ ದನಿ. ಕೊನೆಗೆ ಸ್ವಲ್ಪ ಎಳೆದು ಹೇಳುವ ಅದೇ ರಾಗ.

ಅವನು ತಿರುಗಿ ಒಲೆಯ ಕಡೆ ನೋಡಿದ. ಆಮೇಲೆ ಬಾಗಿಲು ತೆರೆಯಿತು.

ಅಂದಿನಿಂದ ಅವನು ಹೊಸ್ತಿಲಿಗೆ ಮಾತು ಹೇಳಲಿಲ್ಲ. ಸಂಜೆ ಒರೆಸುತ್ತಿದ್ದ, ತುಕ್ಕು ಹಿಡಿಯದಿರಲೆಂದು ಎಣ್ಣೆ ಬಿಡುತ್ತಿದ್ದ, ಆದರೆ ಬಗ್ಗುತ್ತಿರಲಿಲ್ಲ. ಕೆಮ್ಮು ಬಂದರೂ ಹಿತ್ತಿಲ ಗೋಡೆಗೆ ಹೋಗಿ ಕೆಮ್ಮಿ ಬರುತ್ತಿದ್ದ. ಹೊಸ್ತಿಲು ಕೆಮ್ಮನ್ನು ಹಿಡಿದುಕೊಂಡರೆ ಅವಳು ಹೋದಳು. ನೆಂಟರು ಬಂದರೆ ಸಂಜೆಯೊಳಗೆ ಕಳಿಸಿಬಿಡುತ್ತಿದ್ದ. ಬರಬರುತ್ತಾ ಹೊತ್ತು ಇಳಿದ ಮೇಲೆ ಬಾಯಿ ತೆರೆಯುವುದನ್ನೇ ಬಿಟ್ಟ.

ಬೆಳಿಗ್ಗೆ ಎದ್ದು ಹೊಸ್ತಿಲ ಮೇಲೆ ಕಾಲಿಡುತ್ತಿದ್ದ. ಹಾಲು ಉಕ್ಕೀತು, ನೋಡ್ಕೊಳ್ಳಿ. ತಿರುಗಿ ಒಲೆ ನೋಡುತ್ತಿದ್ದ. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಅವನು ಹಾಲು ತರುವುದನ್ನು ಬಿಟ್ಟಿದ್ದ. ಒಬ್ಬನಿಗೆ ಯಾಕೆ ಹಾಲು?

ಹೀಗೆ ನಡೆಯುತ್ತಿರುವಾಗ ಒಂದು ದಿನ ಡಂಗುರದವ ಬಂದ.

"ಕೇಳ್ರಪ್ಪೋ ಕೇಳಿ! ಹಳೇ ಕಬ್ಬಿಣಕ್ಕೆ ಇನ್ನು ಎಣ್ಣೆ ಇಲ್ಲ! ಬರೋ ಹುಣ್ಣಿಮೆಗೆ ಹಳೇ ಹೊಸ್ತಿಲು ಕಿವುಡಾಗ್ತದೆ! ಕಿವುಡಾದ್ಮೇಲೆ ಬಾಗಿಲು ತೆಗೆಯಲ್ಲ! ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ! ಹೊಸ ಕಬ್ಬಿಣ ಬಂದಿದೆ, ಹಾಕಿಸ್ಕೊಳ್ಳಿ!"

ಹಗ್ಗದವ ಹೊಸೆಯುವುದು ನಿಲ್ಲಿಸಿದ. "ಚೆನ್ನಾಗೇ ಇದೆಯಲ್ಲಪ್ಪ ನನ್ನ ಹೊಸ್ತಿಲು. ಯಾಕೆ ಕಿವುಡಾಗ್ಬೇಕು?"

"ನನ್ನ ಕೇಳಿದ್ರೆ? ನಾನು ಬಡಿಯೋನು. ನಮ್ಮನೇದೂ ಹಳೇದೇ" ಅಂದ ಡಂಗುರದವ. ಮತ್ತೆ ಬಡಿಯುತ್ತಾ ಮುಂದೆ ಹೋದ.

ಹಗ್ಗದವ ಕಬ್ಬಿಣದ ಅಂಗಡಿಗೆ ಹೋದ. ಅಲ್ಲಿ ಗೋಡೆ ತುಂಬ ಬೀಗದ ಕೈಗಳು ನೇತಾಡುತ್ತಿದ್ದವು. ಗಾಳಿಗೆ ಅಲ್ಲಾಡಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವುಗಳ ಕೆಳಗೆ ಗುಮಾಸ್ತ ಕೂತಿದ್ದ. ಹಗ್ಗದವನ ಮುಖ ನೋಡದೆ ಕೇಳಿದ.

"ಚೌಕಟ್ಟು ಯಾವ ಕಾಲದ್ದು?"

"ನಮ್ಮಪ್ಪಂದು."

"ಹಾಗಾದ್ರೆ ಹೊಸ ಕಬ್ಬಿಣ ಕೂರಲ್ಲ. ಹೊಸದು ಅಗಲ. ಗೋಡೆ ಒಡೆಸಿ ಚೌಕಟ್ಟು ಬದಲಾಯಿಸ್ಬೇಕು. ಈ ಸುಗ್ಗಿಗೆ ನಿಮ್ಮಿಂದ ನಡುಮನೆ ಬೀಗದ ಕೈ ಬರ್ಬೇಕು."

"ನಡುಮನೆ ಕೊಟ್ರೆ ಅಡುಗೆಮನೆಗೆ ಹೇಗೆ ಹೋಗ್ಲಿ ಸ್ವಾಮಿ?"

"ಅದು ನಿಮ್ಮನೆ ವಿಚಾರ."

ಹಗ್ಗದವನಿಗೆ ಕೇಳಬೇಕಾದ್ದು ಬೇರೆ ಇತ್ತು.

"ಹಳೇದರಲ್ಲಿ ಒಂದು ಮಾತಿದೆ. ಅದು ಹೊಸದಕ್ಕೆ ಬರ್ತದಾ?"

"ಯಾವ ಮಾತು?"

"ನಮ್ಮನೆಯವಳದ್ದು."

ಗುಮಾಸ್ತ ಮೊದಲ ಸಲ ತಲೆಯೆತ್ತಿದ. ಕೆಟ್ಟವನಂತೆ ಕಾಣಲಿಲ್ಲ. ಅವನ ಹಣೆಯ ಮೇಲೂ ತುಕ್ಕಿನ ಪುಡಿಯಿತ್ತು.

"ಬರಲ್ಲ. ಹಳೇದನ್ನ ಕರಗಿಸ್ತೀವಿ."

"ಹಾಗಾದ್ರೆ ಹೊಸದೂ ಬೇಡ. ಹಳೇದು ನನಗೇ ಇರ್ಲಿ. ಬಾಗಿಲಿಗೆ ಬೇಡ, ಮೂಲೇಲಿ ಇಟ್ಕೋತೀನಿ."

"ಹೊಸ್ತಿಲು ನಿಮ್ದಲ್ಲ ಯಜಮಾನ್ರೇ, ಅಂಗಡೀದು. ಅದು ಕೇಳಿಸ್ಕೊಂಡಿದ್ದೂ ಅಂಗಡೀದೇ. ನೀವು ಬೀಗದ ಕೈ ಕೊಟ್ಟಿದ್ದು ಅದರ ಮೇಲೆ ನಡೆಯೋಕೆ."

"ಮಾತು ಆಡಿದ್ದು ಅವಳು."

"ಆಡಿದ್ದು ಅವರು. ಹಿಡಿದಿಟ್ಟಿದ್ದು ನಾವು."

ಮೇಲೆ ಬೀಗದ ಕೈಗಳು ಸಣ್ಣಗೆ ಸದ್ದು ಮಾಡಿದವು. ಅದರಲ್ಲಿ ಮೂರು ಅವನವು. ಯಾವುವೆಂದು ಗುರುತು ಸಿಗಲಿಲ್ಲ.

ಮಾರನೆಯ ದಿನ ಭಾವಮೈದ ಬಂದ, ಹೆಂಡತಿಯ ತಮ್ಮ. ಅವನದು ಗಾಜಿನ ಮನೆ. ಮೆಲ್ಲಗೆ ನಡೆದು ಬಂದ, ಕೈಯಲ್ಲಿ ಗಾಜಿನ ಡಬ್ಬಿ. ಒಳಗೆ ಹೋಳಿಗೆ. ತುಪ್ಪ ಸವರಿದ್ದು ಹೊರಗಿನಿಂದಲೇ ಕಾಣುತ್ತಿತ್ತು.

"ತೆಗಿಯಪ್ಪ" ಅಂದ ಹಗ್ಗದವ.

"ಇಲ್ಲಿ ತೆರೆಯಲ್ಲ ಭಾವ. ಕಬ್ಬಿಣದ ಮನೇಲಿ ಗಾಜಿನ ಡಬ್ಬಿ ತೆರೆಯಲ್ಲ."

"ಬೀದೀಲಿ?"

"ಬೀದೀಲೂ ಇಲ್ಲ. ನಮ್ಮನೇಲಿ ಮಾತ್ರ."

ಇಬ್ಬರೂ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಹೋಳಿಗೆ ನೋಡುತ್ತಾ ಕೂತರು.

"ಅದಕ್ಕೇ ಹೇಳೋದು ಭಾವ, ಗಾಜಿಗೆ ಬನ್ನಿ. ನಿಮ್ಮ ಕೆಲಸ ಎಲ್ಲ ಅದೇ ನೋಡ್ಕೊಳ್ಳುತ್ತೆ. ಒರೆಸೋದು ಬೇಡ, ಎಣ್ಣೆ ಬೇಡ. ಒಂದ್ಸಲ ಅಂಗಡಿ ನೋಡಿ, ಆಮೇಲೆ ಹೇಳಿ."

ಒತ್ತಾಯಕ್ಕೆ ಹಗ್ಗದವ ದಿಬ್ಬ ಹತ್ತಿದ. ಗಾಜಿನ ಅಂಗಡಿಯಲ್ಲಿ ತಂಪಿತ್ತು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬೆಲೆ ಕೇಳಿದ. ಎಲ್ಲ ಬೀಗದ ಕೈಗಳೂ, ಒಂದೇ ಸಲ.

"ಹೆದರ್ಬೇಡಿ. ಬಾಗಿಲೆಲ್ಲ ತೆರೆದೇ ಇರ್ತವೆ. ನಾವೇ ತೆರೀತೀವಿ" ಅಂದಳು ಅಂಗಡಿಯವಳು. ಅವನ ಅಂಗೈ ನೋಡಿದಳು. "ಒಂದೇ ಒಂದು. ನಾರಿನ ಧೂಳಿಗೆ ಗಾಜು ಗೀರಾಗುತ್ತೆ. ಹಗ್ಗ ಹೊಸೆಯೋದು ಬಿಡ್ಬೇಕಾಗುತ್ತೆ."

"ಬಿಟ್ಟು?"

"ಗಾಜಿನ ಮನೆಯವರು ಹಗ್ಗ ಯಾಕೆ ಹೊಸೀಬೇಕು?"

ಭಾವಮೈದ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ತಲೆಯಾಡಿಸಿದಳು. "ಹೆಣ್ಣುದನಿ ತಾನೇ? ಅದೂ ಆಗುತ್ತೆ. ಇನ್ನೂ ಚೆನ್ನಾಗೇ ಆಗುತ್ತೆ. ಕೇಳಿ." ನೆಲದ ಮೇಲಿದ್ದ ಗಾಜಿನ ಹೊಸ್ತಿಲನ್ನು ಕಾಲ ಬೆರಳಿನಿಂದ ಮುಟ್ಟಿದಳು.

"ಹಾಲು ಉಕ್ಕುವ ಸಂಭವವಿದೆ. ದಯವಿಟ್ಟು ಗಮನಿಸಿ" ಅಂದಿತು ಗಾಜು. ಜೇನಿನಂಥ ದನಿ.

ಹಗ್ಗದವನಿಗೆ ನಗು ಬಂತು. ಅವಳು ಹೋದ ಮೇಲೆ ಬಂದ ಮೊದಲ ನಗು. ನಗುತ್ತಾ ದಿಬ್ಬ ಇಳಿದ. ಅರ್ಧ ಇಳಿಯುವಾಗ ಅದು ನಗುವಾಗಿ ಉಳಿದಿರಲಿಲ್ಲ. ಭಾವಮೈದ ಹಿಂದಿನಿಂದ, "ಭಾವ, ಅದು ಬರೀ ಮಾದರಿ, ಭಾವ" ಅನ್ನುತ್ತಾ ಬಂದ.

ಹಗ್ಗದವನ ಎದುರುಮನೆಯಲ್ಲಿ ಮಡಕೆಯವಳಿದ್ದಳು. ವಯಸ್ಸಾದವಳು, ಬಾಯಿ ಜೋರು. ಅವಳದು ಮಣ್ಣಿನ ಹೊಸ್ತಿಲು. ಅವನು ಕೂತಿದ್ದು ನೋಡಿ ಒದ್ದೆ ಕಾಲಲ್ಲೇ ಬೀದಿ ದಾಟಿ ಬಂದಳು.

"ಏನು ಹಗ್ಗದಣ್ಣ, ಅಂಗಡಿ ಎಲ್ಲ ಸುತ್ತಿ ಆಯ್ತಂತೆ. ನಮ್ಮ ಹೊಳೆದಂಡೆಗೆ ಬರೋಕೆ ಏನು, ಯಾರೂ ಕುರ್ಚಿ ಹಾಕಲ್ಲ ಅಂತಲೋ?"

"ನಿಮ್ಮ ಹೊಸ್ತಿಲು ಮಾತು ಎಷ್ಟು ದಿನ ಹಿಡಿದಿಡ್ತದೆ ಅಕ್ಕ?"

"ಒಂದು ರಾತ್ರಿ. ಬೆಳಿಗ್ಗೆ ಹೇಳ್ತದೆ, ಮರೀತದೆ. ಸಂಜೆ ಮತ್ತೆ ಮೆತ್ತಬೇಕು, ಮತ್ತೆ ಹೇಳಬೇಕು. ಒಂದಿನ ತಪ್ಪಿದ್ರೆ ಬಾಗಿಲು ಅರ್ಧ ತೆರೀತದೆ, ನಾಲ್ಕು ದಿನ ತಪ್ಪಿದ್ರೆ ತೆರೆಯೋದೇ ಇಲ್ಲ. ಹೋದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ನಲ್ಲ, ಕಿಟಕಿಯಿಂದ ಇಳಿದೆ, ಈ ವಯಸ್ಸಲ್ಲಿ. ಬೀದಿಯವರೆಲ್ಲ ನೋಡಿದ್ರು." ಅವಳು ನಕ್ಕಳು. "ಬೆಲೆ ಇಲ್ಲ ಅಂತಾರೆ. ನನ್ನ ಸೊಂಟಾನ ಕೇಳ್ಲಿ."

"ಮರೆಯೋ ಹೊಸ್ತಿಲು ನನಗೆ ಬೇಡ."

"ಮಣ್ಣು ಮರೀತದೆ, ನಿಜ. ನೆನಪು ಮನೆಯವರು ಇಟ್ಕೋಬೇಕು. ಸೋಮಾರಿಗಳಿಗಲ್ಲ ಇದು." ಆಮೇಲೆ ದನಿ ಇಳಿಸಿ ಅಂದಳು. "ಅವಳು ಹೋದ್ಮೇಲೆ ಒಂದು ಸಂಜೆಯಾದ್ರೂ ಮಾತಾಡಿದೀರಾ ನೀವು? ಬೀದಿಗೇ ನಿಮ್ಮ ದನಿ ಮರೆತುಹೋಗಿದೆ."

ಹಗ್ಗದವ ಎದ್ದು ಒಳಗೆ ಹೋದ. ಹೊತ್ತು ಇಳಿಯುತ್ತಿತ್ತು. ಹೊಸ್ತಿಲ ಹತ್ತಿರ ಅವಳಿಗೆ ಉತ್ತರ ಕೊಡುವ ಹಾಗಿರಲಿಲ್ಲ.

ಒಳಗೆ ಕೂತು ಯೋಚಿಸಿದ. ಹೊಸ ಕಬ್ಬಿಣ ತಂದರೆ ಅವಳು ಹೋದಳು, ನಡುಮನೆಯೂ ಹೋಯಿತು. ಗಾಜು ತಂದರೆ ಅವಳು ಹೋದಳು, ಹಗ್ಗವೂ ಹೋಯಿತು. ಮಣ್ಣು ತಂದರೆ ಏನೂ ಕೊಡಬೇಕಾಗಿಲ್ಲ, ಅವಳು ಮಾತ್ರ ಹೋದಳು. ಎಲ್ಲ ದಾರಿಯೂ ಅವಳ ಮೇಲೆಯೇ ಹಾದುಹೋಗುತ್ತಿತ್ತು. ಯಾವುದನ್ನೂ ಆರಿಸದಿದ್ದರೆ? ಬಾಗಿಲು ತೆರೆಯದು. ತೆರೆಯದಿದ್ದರೆ ತೆರೆಯದಿರಲಿ. ಬೆಳಿಗ್ಗೆ ಎದ್ದು ಒಳಗಿನಿಂದ ಕಾಲಿಟ್ಟರೆ ಮಾತಂತೂ ಕೇಳುತ್ತದೆ. ಒಳಗಿದ್ದವರು ಒಳಗೆ ಎಂದು ಡಂಗುರದವನೇ ಹೇಳಿದ್ದಾನಲ್ಲ. ಒಳಗೆ ಅವಳ ಮಾತಿದೆ, ತಾನಿದ್ದೇನೆ. ಇಬ್ಬರಿಗೆ ಸಾಕು.

ಅವಲಕ್ಕಿ ತಂದಿಟ್ಟ. ಬೆಲ್ಲ ತಂದಿಟ್ಟ. ಕೊಡಗಳಿಗೆ ನೀರು ತುಂಬಿದ. ನಾರಿನ ಕಟ್ಟು ಒಳಗೆ ತಂದ.

ಊರಿನಲ್ಲಿ ಗೋಡೆ ಒಡೆಯುವ ಸದ್ದು. ಹೊಸ ಕಬ್ಬಿಣ ಗಾಡಿಗಳಲ್ಲಿ ಬಂತು, ಬೀಗದ ಕೈಗಳು ಅಂಗಡಿಗೆ ಹೋದವು. ಡಂಗುರದವನೂ ನಡುಮನೆ ಕೊಟ್ಟ. ಅವನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಅವನಿಗೆ ಅನ್ನ ಕೊಡುತ್ತಿದ್ದಳು, ಅವನು ಬೀದಿಯಲ್ಲಿ ನಿಂತು ಉಣ್ಣುತ್ತಿದ್ದ. ಆದರೂ ಬಾವಿಕಟ್ಟೆಯಲ್ಲಿ ಜಗಳ ನಿಲ್ಲಲಿಲ್ಲ. "ನಮ್ದು ಹೊಸದು, ನೋಡಿ ಎಷ್ಟು ಅಗಲ!"

ಹುಣ್ಣಿಮೆಯ ಸಂಜೆ ಹಗ್ಗದವ ಒಳಗೆ ಬಂದು ಬಾಗಿಲು ಹಾಕಿಕೊಂಡ. ಉಳಿದಿದ್ದ ಕೊನೆಯ ತೊಟ್ಟು ಎಣ್ಣೆ ಬಿಟ್ಟ. ಬಗ್ಗಲಿಲ್ಲ.

ಭಾವಮೈದ ಬಂದು ಬಾಗಿಲು ಬಡಿದ. "ಭಾವ! ಇನ್ನೂ ಹೊತ್ತಿದೆ, ಬನ್ನಿ ಈಚೆಗೆ! ನನ್ನ ಮನೇಲೇ ಇದ್ದುಬಿಡಿ!"

ಹಗ್ಗದವ ತುಟಿ ಬಿಗಿಹಿಡಿದು ಕೂತ. ಹೊಸ್ತಿಲು ಒಂದು ಸಲ ಸಣ್ಣಗೆ ಸದ್ದು ಮಾಡಿತು, ಒಲೆಯಿಂದ ಇಳಿಸಿದ ಬಾಣಲೆ ಆರುವಾಗ ಮಾಡುವಂಥ ಸದ್ದು. ದೀಪ ಹೋಯಿತು.

ಬೆಳಗಾಯಿತು. ಕಿಟಕಿಯ ಸರಳಿನ ನೆರಳು ಗೋಡೆಯ ಮೇಲೆ ಬಿತ್ತು. ಹಗ್ಗದವ ಎದ್ದ, ಮುಖ ತೊಳೆದ, ಹೊಸ್ತಿಲ ಮೇಲೆ ಬಲಗಾಲಿಟ್ಟ.

ಏನೂ ಇಲ್ಲ.

ಕಾಲು ತೆಗೆದು ಮತ್ತೆ ಇಟ್ಟ. ಎಡಗಾಲಿಟ್ಟ. ಎರಡೂ ಕಾಲಿಟ್ಟು ನಿಂತ. ಅವಳ ಹಾಗೆ ಮೆಲ್ಲಗೆ ಇಟ್ಟ, ಅಪ್ಪನ ಹಾಗೆ ಅಪ್ಪಳಿಸಿದ. ಅಭ್ಯಾಸದ ಮೇಲೆ ತಿರುಗಿ ಒಲೆ ನೋಡಿದ. ಅದು ಹೇಳದೆಯೇ ತಾನು ನೋಡಿದ್ದಕ್ಕೆ ನಾಚಿಕೆಯಾಯಿತು.

ಕಿವುಡಾದದ್ದು ಮೂಕವೂ ಆಗಿತ್ತು. ಡಂಗುರದವ ಅಷ್ಟನ್ನು ಹೇಳಿರಲಿಲ್ಲ.

ಅವನು ನೆಲದ ಮೇಲೆ ಕೂತ. ಮಂಡಿಯೂರಿ ಕಬ್ಬಿಣಕ್ಕೆ ಕಿವಿಯಿಟ್ಟ. ತಣ್ಣಗಿತ್ತು. ಮಾತು ಅದರೊಳಗೆ ಇತ್ತು, ಇದ್ದೇ ಇತ್ತು. ಪಕ್ಕದ ಕೋಣೆಯಲ್ಲಿ ಅವಳ ಟ್ರಂಕು ಇರುವ ಹಾಗೆ. ಅವನ ಮನೆಯೊಳಗೇ, ಅವನ ಕೈಗೆ ಸಿಗದ ಹಾಗೆ. ಇನ್ನೊಂದು ಕೋಣೆಗೆ ಬೀಗ ಬಿದ್ದಿತ್ತು, ಅಷ್ಟೆ. ಈ ಸಲ ಅವನಾಗಿಯೇ ಹೋಗಿ ಆ ಬೀಗದ ಪಕ್ಕದಲ್ಲಿ ಕೂತಿದ್ದ.

ತಾನೇ ಹೇಳಿಕೊಳ್ಳೋಣವೆಂದು ಬಾಯಿ ತೆರೆದ. ಹೊರಡಲಿಲ್ಲ. ಪದಗಳು ಗೊತ್ತಿದ್ದವು, ರಾಗವೂ ಗೊತ್ತಿತ್ತು. ಆದರೆ ಇಷ್ಟು ದಿನ ಅದನ್ನು ಕಬ್ಬಿಣವೇ ಹೇಳುತ್ತಿತ್ತು. ಅವನ ಬಾಯಿ ಒಂದು ಸಲವೂ ಹೇಳಿರಲಿಲ್ಲ. ಬಾಯಿಗೆ ಆ ದಾರಿ ಗೊತ್ತಿರಲಿಲ್ಲ.

ಅವಲಕ್ಕಿ ನೆನೆಸಿದ. ತಿನ್ನಲಿಲ್ಲ. ನಾರು ಹೊಸೆದ. ಹಗ್ಗ ಉದ್ದವಾಯಿತು. ಕಟ್ಟಲು ಏನೂ ಇರಲಿಲ್ಲ. ಗೋಡೆಯ ಮೇಲೆ ಸರಳಿನ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು, ಹೋಯಿತು, ಮತ್ತೆ ಬಂತು. ಹಗ್ಗ ಇನ್ನೂ ಉದ್ದವಾಯಿತು.

ಕೊಡದಲ್ಲಿ ನೀರು ತಳ ಕಂಡಾಗ ಕಿಟಕಿಯಲ್ಲಿ ಮಡಕೆಯವಳ ಮುಖ ಕಂಡಿತು.

"ಹಗ್ಗದಣ್ಣ. ಬದುಕಿದೀರಾ?"

ಅವನು ನಾರು ಕೆಳಗಿಟ್ಟ.

"ಇದ್ರೆ ಹೂಂ ಅನ್ನಿ. ಹೋಗಿದ್ರೆ ಅದನ್ನಾದ್ರೂ ಹೇಳಿ, ನನಗೆ ಮಣ್ಣು ಕಲಸೋ ಕೆಲಸ ಇದೆ."

"ಹೂಂ" ಅಂದ ಹಗ್ಗದವ. ತನ್ನ ದನಿ ತನಗೇ ಹೊಸದಾಗಿ ಕೇಳಿತು.

"ಹೇಳ್ತಾ ಇದೆಯಾ ಅದು?"

"ಇಲ್ಲ."

ಮಡಕೆಯವಳು ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಸರಳು ಹಿಡಿದು ನಿಂತಳು. ಅವಳ ಬೆರಳ ಸಂದಿಯಲ್ಲಿ ಹಸಿ ಮಣ್ಣಿತ್ತು. ಅದರ ವಾಸನೆ ಒಳಗೆ ಬಂತು.

ಹಗ್ಗದವ ಬಹಳ ಹೊತ್ತು ಹೊಸ್ತಿಲು ನೋಡಿದ. ಆಮೇಲೆ ಹೊಸೆದಿದ್ದ ಹಗ್ಗವನ್ನು ಕೈಗೆ ತೆಗೆದುಕೊಂಡ. ಹೊಸ್ತಿಲಿನ ತುದಿಯಲ್ಲಿ ಇಲಿ ಕೊರೆದ ಸಂದಿತ್ತು. ಆ ಸಂದಿಯಲ್ಲಿ ಹಗ್ಗ ತೂರಿಸಿ ಕಬ್ಬಿಣಕ್ಕೆ ಸುತ್ತಿದ, ಬಿಗಿದ, ಇನ್ನೊಂದು ಸಲ ಸುತ್ತಿದ. ಗಂಟು ಹಾಕುವಾಗ ಕೈ ನಿಂತಿತು. ಎಳೆದರೆ ಮುಗಿಯಿತು. ಎಳೆಯದಿದ್ದರೂ ಮುಗಿದೇ ಇತ್ತು. ಗಂಟು ಹಾಕಿದ. ಹಗ್ಗದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿನ ನಡುವೆ ಹೊರಗೆ ಕೊಟ್ಟ.

"ಅಕ್ಕ. ಎಳೀರಿ."

"ನಾನೊಬ್ಬಳು ಎಳೆದ್ರೆ ನಾನೇ ಒಳಗೆ ಬರ್ತೀನಿ" ಅಂದಳು. ಬೀದಿಗೆ ತಿರುಗಿ ಕೂಗಿದಳು. ಉಣ್ಣುತ್ತಿದ್ದ ಡಂಗುರದವ ಕೈ ತೊಳೆಯದೆ ಬಂದ. ಬೀದಿಯ ಕೊನೆಯಲ್ಲಿ ನಿಂತಿದ್ದ ಭಾವಮೈದ ಬಂದ. ದಿನಾ ಬಂದು ಅಲ್ಲೇ ನಿಂತು ಹೋಗುತ್ತಿದ್ದನಂತೆ.

"ಮೆಲ್ಲಗೆ ಎಳೀರಿ" ಅಂದ ಭಾವಮೈದ.

"ಮೆಲ್ಲಗೆ ಎಳೆದ್ರೆ ಗಾಜು ಬರ್ತದೆ, ಕಬ್ಬಿಣ ಬರಲ್ಲ. ಕಾಲು ಊರು!" ಅಂದಳು ಮಡಕೆಯವಳು.

ಭಾವಮೈದ ಕಾಲು ಅಪ್ಪಳಿಸಿ ಊರಿದ. ಗಾಜಿನವನೊಬ್ಬ ಕಾಲು ಅಪ್ಪಳಿಸಿದ್ದನ್ನು ಬೀದಿ ಮೊದಲ ಸಲ ನೋಡಿತು. ಒಳಗಿನಿಂದ ಹಗ್ಗದವ ಒನಕೆ ಕೊಟ್ಟು ಮೀಟಿದ. ಹಗ್ಗ ಬಿಗಿಯಿತು, ಕಿರುಗುಟ್ಟಿತು, ಹರಿಯಲಿಲ್ಲ. ಕಬ್ಬಿಣ ಒಂದು ತುದಿ ಎತ್ತಿತು. ಇನ್ನೊಂದು ತುದಿಯೂ ಬಿಟ್ಟುಕೊಂಡಿತು. ಬಾಗಿಲು ತನ್ನ ಭಾರಕ್ಕೇ ಓರೆಯಾಯಿತು. ಬೆಳಕು ಬಂತು.

ಕಬ್ಬಿಣದ ಕೆಳಗೆ ಮಣ್ಣಿತ್ತು. ಹಳೆಯ ಹೊಸ್ತಿಲು. ನಡುವೆ ಸವೆದು ತಗ್ಗಾಗಿತ್ತು, ಒಂದು ಹಿಮ್ಮಡಿಯಷ್ಟು. ಯಾವ ಕಾಲದ ಯಾರದ್ದೋ. ಅವನ ಅಪ್ಪ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಅಂಗಡಿಯವರು ಗಾಡಿ ತಂದು ಕಬ್ಬಿಣ ಎತ್ತಿಕೊಂಡರು. ಬೀಗದ ಕೈಗಳ ವಿಷಯ ಕೇಳಿದ್ದಕ್ಕೆ, "ಕೊಟ್ಟಿದ್ದು ಕೊಟ್ಟಿದ್ದೇ" ಅಂದರು. ಗಾಡಿ ಹೊರಟಿತು. ಕಬ್ಬಿಣ ಕಲ್ಲಿನ ಮೇಲೆ ಕುಲುಕುತ್ತಾ ಸದ್ದು ಮಾಡಿತು. ಬರೀ ಕಬ್ಬಿಣದ ಸದ್ದು. ಹಗ್ಗದವ ತಿರುವಿನವರೆಗೂ ಕಿವಿಗೊಟ್ಟ. ಹಿಂದೆ ಹೋಗಲಿಲ್ಲ.

ಆಮೇಲೆ ಹೊಳೆಗೆ ಹೋದ. ಮಣ್ಣು ತಂದ, ಕಲಸಿದ.

"ನೀರು ಜಾಸ್ತಿ ಆಯ್ತು. ಹೊಸ್ತಿಲು ಮಾಡ್ತಿದ್ದೀರೋ, ಅಂಬಲಿ ಕಾಯಿಸ್ತಿದ್ದೀರೋ?" ಅಂದಳು ಮಡಕೆಯವಳು.

ಅವನು ಇನ್ನಷ್ಟು ಮಣ್ಣು ಹಾಕಿದ. ತುಳಿದ. ಹಳೆಯ ತಗ್ಗಿನ ಮೇಲೆ ಮೆತ್ತಿದ, ಅಂಗೈಯಿಂದ ಸವರಿದ. ಸೊಟ್ಟಗಿತ್ತು. ಒಂದು ಕಡೆ ಅವನ ಐದು ಬೆರಳೂ ಮೂಡಿದ್ದವು. ಮಡಕೆಯವಳು ಸರಿ ಮಾಡಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು.

ಹೊತ್ತು ಮುಳುಗಿತು. ಹಗ್ಗದವ ಮಡಕೆಯವಳ ಮನೆಯ ಎಣ್ಣೆ ಬಿಟ್ಟ. ಬಗ್ಗಿದ. ಸೊಂಟ ಲಟಕ್ಕೆಂದಿತು. ಬೀದಿಯಲ್ಲಿ ಮೂವರೂ ನಿಂತಿದ್ದರು. ಅವನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕು ಅನ್ನಿಸಿತು. ಒಳ್ಳೆಯ ಮಾತು ಯಾವುದೂ ಬರಲಿಲ್ಲ.

"ಹಾಲು ಉಕ್ಕೀತು, ನೋಡ್ಕೊಳ್ಳಿ" ಅಂದ.

ಒಡಕು ದನಿ. ರಾಗ ತಪ್ಪಿತ್ತು. ಕೊನೆಯಲ್ಲಿ ಎಳೆಯಲು ಹೋಗಿ ಉಸಿರು ಸಾಲಲಿಲ್ಲ. ಮಣ್ಣು ತೆಗೆದುಕೊಂಡಿತು.

"ನಾಳೆ ಸಂಜೆ ಮತ್ತೆ" ಅಂದಳು ಮಡಕೆಯವಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬೀದಿ ದಾಟಿ ಹೋದಳು.

ಬೆಳಿಗ್ಗೆ ಹಗ್ಗದವ ಕಾಲಿಟ್ಟ. ಹೊಸ್ತಿಲು ತಣ್ಣಗೆ, ಮೆತ್ತಗಿತ್ತು. "ಹಾಲು ಉಕ್ಕೀತು, ನೋಡ್ಕೊಳ್ಳಿ" ಅಂದಿತು. ಅವನದೇ ಒಡಕು ದನಿ. ಅವನು ತಿರುಗಿ ಒಲೆ ನೋಡಿದ.

ಓರೆಯಾಗಿದ್ದ ಬಾಗಿಲು ಅರ್ಧ ತೆರೆಯಿತು. ಮೈ ಓರೆ ಮಾಡಿಕೊಂಡು ಹೊರಗೆ ಬಂದ. ಚೆಂಬು ಹಿಡಿದು ಹಾಲಿನವಳ ಮನೆಗೆ ಹೋದ. ನಡೆದಲ್ಲೆಲ್ಲ ಒದ್ದೆ ಹೆಜ್ಜೆ ಮೂಡಿತು.

"ಎಷ್ಟು?" ಎಂದು ಕೇಳಿದಳು ಅವಳು.

"ಇಬ್ಬರಿಗಾಗುವಷ್ಟು" ಎಂದು ಬಾಯಿಗೆ ಬಂತು. ತಡೆದ. "ಒಬ್ಬನಿಗೆ" ಅಂದ.

ಮನೆಗೆ ಬಂದು ಹಾಲಿಟ್ಟ. ಒಲೆ ಹೊಗೆಯಾಡಿತು, ಕೆಮ್ಮಿತು, ಹತ್ತಿಕೊಂಡಿತು. ಅಟ್ಟಕ್ಕೆ ಬೀಗವಿತ್ತು. ದವಸದ ಕೋಣೆಗೆ ಬೀಗವಿತ್ತು. ಅವಳ ಟ್ರಂಕಿದ್ದ ಕೋಣೆಗೆ ಬೀಗವಿತ್ತು. ಆ ಬಾಗಿಲುಗಳು ಇನ್ನು ತೆರೆಯುವುದಿಲ್ಲ. ಹೊರಗೆ ನಾರು ಬಿದ್ದಿತ್ತು, ಹೊಸೆಯುವ ಕೆಲಸವಿತ್ತು. ಅವನು ಹೋಗಲಿಲ್ಲ. ಒಲೆಯ ಮುಂದೆ ನಿಂತ. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡಿತು. ಕೆನೆ ನಡುಗಿತು, ಸುಕ್ಕಾಯಿತು, ನಡುವೆ ಉಬ್ಬಿ ಮೇಲಕ್ಕೆ ಏರತೊಡಗಿತು.

ಹಾಲು ಉಕ್ಕಲಿಲ್ಲ. ಅವನು ನೋಡಿಕೊಂಡ.